ಕರೆಂಟ್ ಗಾಡಿಯ ನಿಂಬೆಹಣ್ಣು

"ಏಳಿ ಮೇಡಂ, ಬಟ್ಟೆಗೆಲ್ಲಾ ಆಯಿಲ್ ಮೆತ್ಕೊಳ್ಳುತ್ತೆ," ಎಂದ ಪಿಎಸ್ಐ ಮಧು.

ಶ್ರೀಗೌರಿ ಏಳಲಿಲ್ಲ. ಕ್ಲಬ್ಬಿನ ಶೆಡ್ಡಿನ ಕೆಂಪು ನೆಲಕ್ಕೆ ಮೊಣಕಾಲೂರಿ, ಗಾಡಿಯ ಅಡಿಗೆ ತಲೆ ತೂರಿಸಿ, ಮುಂದಿನ ಚಕ್ರಕ್ಕೆ ಒತ್ತಿ ಇಟ್ಟಿದ್ದ ನಿಂಬೆಹಣ್ಣನ್ನು ನೋಡುತ್ತಲೇ ಇದ್ದಳು. ಐವತ್ತರ ಹತ್ತಿರ ಬಂದ ಮೊಣಕಾಲು ಅಯ್ಯೋ ಅಂತಿತ್ತು. ಅನ್ನಲಿ ಬಿಡಿ.

ಮೊನ್ನೆ ಆಯುಧ ಪೂಜೆಯ ಸಂಜೆ ಭದ್ರಾವತಿಯ ಈ ರಿವರ್ ಸೈಡ್ ಕ್ಲಬ್ಬಿನ ಕಾರ್ಯದರ್ಶಿ ಜ್ಞಾನೇಶ್, ಗಾಲ್ಫ್ ಮೈದಾನದ ಹೊಳೆ ಕಡೆಯ ದಾರಿಯಲ್ಲಿ ತಲೆ ಒಡೆದು ಬಿದ್ದಿದ್ದರು. ಆಸ್ಪತ್ರೆಯಲ್ಲಿ ಅವರಿಗಿನ್ನೂ ಪ್ರಜ್ಞೆ ಬಂದಿರಲಿಲ್ಲ. ಗಾಡಿ ಗುದ್ದಿಸಿದ್ದು ಡ್ರೈವರ್ ಕೃಷ್ಣಪ್ಪನೇ ಎಂದು ಪೊಲೀಸರು ಅವನನ್ನು ಠಾಣೆಯಲ್ಲಿ ಕೂರಿಸಿದ್ದರು.

ಶೆಡ್ಡಿನಲ್ಲಿ ಎರಡು ಗಾಡಿಗಳು ಅಕ್ಕಪಕ್ಕ ನಿಂತಿದ್ದವು. ಗಾಲ್ಫ್ ಆಡುವವರನ್ನು ಗುಂಡಿಯಿಂದ ಗುಂಡಿಗೆ ಕೂರಿಸಿಕೊಂಡು ಹೋಗುವ ಪುಟ್ಟ ಗಾಡಿಗಳು. ಒಂದು ಹಳೆಯ ಪೆಟ್ರೋಲ್ ಗಾಡಿ: ಹಸಿರು ಬಣ್ಣ, ಹರಿದಲ್ಲೆಲ್ಲಾ ಹೊಲಿಗೆ ಹಾಕಿಸಿದ ರೆಕ್ಸಿನ್ ಸೀಟು, ಸ್ಟೇರಿಂಗಿಗೆ ಸುತ್ತಿದ ಕಪ್ಪು ಟೇಪು. ಇನ್ನೊಂದು ಶಿವಮೊಗ್ಗದ ಶೋರೂಮಿನಿಂದ ಟ್ರಯಲ್ಲಿಗೆ ತಂದ ಕರೆಂಟ್ ಗಾಡಿ, ಹೊಸ ಫ್ರಿಜ್ಜಿನಂತೆ ಬೆಳ್ಳಗೆ. ಎರಡಕ್ಕೂ ಚೆಂಡುಹೂವಿನ ಹಾರ, ಎರಡರ ಮುಖಕ್ಕೂ ಅರಿಶಿನ ಕುಂಕುಮ.

ಆ ಹಸಿರು ಗಾಡಿಯಲ್ಲಿ ಶ್ರೀಗೌರಿಯ ಬಾಲ್ಯ ಕೂತಿತ್ತು. ಕ್ಲಬ್ಬು ಕಾರ್ಖಾನೆಯವರದ್ದೇ; ಅಪ್ಪ ಅಲ್ಲಿ ಶಿಫ್ಟ್ ಇಂಜಿನಿಯರ್. ಭಾನುವಾರ ಬಂತೆಂದರೆ ಕ್ವಾರ್ಟರ್ಸಿನ ಮಕ್ಕಳೆಲ್ಲಾ ಈ ಶೆಡ್ಡಿನ ಬಾಗಿಲಲ್ಲಿ ಹಾಜರು. ತಮಿಳು ಮನೆಯವು, ತೆಲುಗು ಮನೆಯವು, ಕನ್ನಡದವು, ಎಲ್ಲಾ ಒಂದೇ ಕೂಗು: "ಕೃಷ್ಣಪ್ಪ ಮಾಮ, ಒಂದೇ ರೌಂಡು!" ಕೃಷ್ಣಪ್ಪ ಬೈಯುತ್ತಲೇ ಹತ್ತಿಸಿಕೊಳ್ಳುತ್ತಿದ್ದ. ಗಾಡಿ ಡುಗುಡುಗು ಅಂತ ಹೊರಟರೆ ಪೆಟ್ರೋಲಿನ ವಾಸನೆ, ಕತ್ತರಿಸಿದ ಹುಲ್ಲಿನ ವಾಸನೆ, ಕ್ಯಾಂಟೀನಿನ ಬೋಂಡದ ವಾಸನೆ ಮೂರೂ ಮೂಗಿಗೆ ಒಟ್ಟಿಗೇ ಬರುತ್ತಿದ್ದವು. ಈಗಲೂ ಯಾವುದಾದರೂ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದರೆ ಅವಳಿಗೆ ಸುಮ್ಮನೆ ಬೋಂಡ ತಿನ್ನಬೇಕೆನಿಸುತ್ತದೆ.

ಅಂಥ ಮನುಷ್ಯ ಕೊಲೆ ಮಾಡಲು ಹೊರಟನಂತೆ! ನಂಬುವ ಮಾತೇ?

"ನಂಬ್ಲೇಬೇಕು ಮೇಡಂ," ಎಂದ ಮಧು, ಅವಳ ಮನಸ್ಸು ಓದಿದವನ ಹಾಗೆ. ಶ್ರೀಗೌರಿ ಪೊಲೀಸ್ ಇಲಾಖೆಯಲ್ಲಿದ್ದಾಗ ಅವಳ ಕೈಕೆಳಗೆ ಪಳಗಿದವನು. ಅವಳು ಕೆಲಸ ಬಿಟ್ಟು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪತ್ತೇದಾರಿ ಕಚೇರಿ ತೆರೆದ ಮೇಲೂ ಮೇಡಂ ಅನ್ನುವುದನ್ನು ಬಿಟ್ಟಿಲ್ಲ. "ಕ್ಲಬ್ಬಿಗೆ ಹೊಸ ಗಾಡಿ ತಗೋಬೇಕು. ಪೆಟ್ರೋಲೋ ಕರೆಂಟೋ ಅಂತ ಆರು ತಿಂಗ್ಳಿಂದ ಜಗಳ. ಪ್ರೆಸಿಡೆಂಟ್ ಷಣ್ಮುಖಪ್ಪನವರದ್ದು ಒಂದು ಪಾರ್ಟಿ. ಹೊಳೆ ಕಡೆ ಏರು ಕರೆಂಟ್ ಗಾಡಿ ಹತ್ತಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಚಾರ್ಜ್ ಎಲ್ಲಿಂದ ತರ್ತೀರಿ, ನಾಕೈದು ವರ್ಷಕ್ಕೆ ಬ್ಯಾಟರಿ ಬದಲಾಯಿಸ್ಬೇಕು, ಅಂತ. ಜ್ಞಾನೇಶ್ ಸರ್‌ದು ಇನ್ನೊಂದು. ಹೊಗೆ ಇಲ್ಲ, ಸದ್ದಿಲ್ಲ, ರಿಪೇರಿ ಇಲ್ಲ, ರಾತ್ರಿ ಪ್ಲಗ್ ಚುಚ್ಚಿದ್ರೆ ಬೆಳಿಗ್ಗೆ ರೆಡಿ."

"ಅದಕ್ಕೂ ಕೃಷ್ಣಪ್ಪ ಮಾಮಂಗೂ ಏನು?"

"ಕರೆಂಟ್ ಗಾಡಿ ಯಾರು ಬೇಕಾದ್ರೂ ಓಡಿಸ್ಬಹುದು. ಡ್ರೈವರ್ ಬೇಡ. ಜ್ಞಾನೇಶ್ ಸರ್ ಪೂಜೆ ದಿನ ಬೆಳಿಗ್ಗೆನೇ ಅದನ್ನ ಅವನ ಮುಖಕ್ಕೆ ಹೇಳಿದಾರೆ. ಇವನು ಎಲ್ಲರ ಎದುರಿಗೆ ಕೂಗಾಡಿದಾನೆ, ನನ್ನ ಗಾಡಿ ಗುಜರಿಗೆ ಹೋದ್ರೆ ನಿಮ್ಮನ್ನೂ ಜೊತೆಗೆ ಕಳಿಸ್ತೀನಿ ಅಂತ. ಸಂಜೆ ಅವರು ಬಿದ್ದ ಜಾಗದಲ್ಲಿ ಚಕ್ರದ ಗುರುತು, ಚೆಂಡುಹೂವಿನ ಎಸಳು. ಬಿದ್ದಿದಾರೆ ಅಂತ ಮೊದಲು ಕೂಗ್ಕೊಂಡು ಬಂದೋನೂ ಇವನೇ. ಇನ್ನೇನು ಬೇಕು ಹೇಳಿ."

"ಪೆಟ್ರೋಲ್ ಗಾಡಿ ಹೋಗಿದ್ರೆ ಅರ್ಧ ಊರಿಗೆ ಕೇಳ್ಸುತ್ತಿತ್ತು."

"ಹಾಲ್‌ನಲ್ಲಿ ಊಟ, ಮೈಕ್ ಸೆಟ್ಟು, ಹಾಡು. ಯಾರಿಗೆ ಕೇಳ್ಸುತ್ತೆ?"

"ಜ್ಞಾನೇಶ್‌ಗೆ ಕೇಳ್ಸುತ್ತಿತ್ತಲ್ಲ ಮಾರಾಯ! ಪಕ್ಕಕ್ಕೆ ಸರಿತಿದ್ರು. ಇಲ್ಲಿ ಬಾ, ಕೂತ್ಕೋ. ಪ್ಯಾಂಟಿನ ಚಿಂತೆ ಆಮೇಲೆ."

ಮಧು ಕುಕ್ಕುರುಗಾಲಲ್ಲಿ ಕೂತ.

ಈ ಊರಿನ ಕಾರ್ಖಾನೆಯವರ ಆಯುಧ ಪೂಜೆಯೇ ಬೇರೆ. ಬೇರೆ ಕಡೆ ಪೂಜೆ ಮುಗಿದ ಕೂಡಲೇ ಗಾಡಿ ಮುಂದಕ್ಕೆ ಬಿಟ್ಟು ಚಕ್ರದಡಿಯ ನಿಂಬೆಹಣ್ಣು ಜಜ್ಜಿಬಿಡುತ್ತಾರೆ. ಇಲ್ಲಿ ಹಾಗಲ್ಲ. ಪೂಜೆ ಮಾಡಿದ ಯಂತ್ರ ಆ ರಾತ್ರಿ ಮಲಗಬೇಕು. ಯಾರೂ ಕೀ ತಿರುಗಿಸುವಂತಿಲ್ಲ, ಸ್ವಿಚ್ ಒತ್ತುವಂತಿಲ್ಲ. ವಿಜಯದಶಮಿಯ ಬೆಳಿಗ್ಗೆ ಕಾಯಿ ಒಡೆದು ಕದಲಿಸಿದ ಮೇಲೆಯೇ ನಿಂಬೆಹಣ್ಣು ಒಡೆಯುವುದು. ಅಪ್ಪನ ಲೂನಾ ಕೂಡಾ ಆ ರಾತ್ರಿ ಹಾರ ಹಾಕಿಕೊಂಡು ವರಾಂಡದಲ್ಲಿ ಮಲಗುತ್ತಿತ್ತು, ತುರ್ತೆಂದರೂ ಮುಟ್ಟುತ್ತಿರಲಿಲ್ಲ. ಈ ಸಲ ಜ್ಞಾನೇಶ್ ಬಿದ್ದ ಗಲಾಟೆಯಲ್ಲಿ ಕದಲಿಸುವವರೇ ಇರಲಿಲ್ಲ. ಪೊಲೀಸರು ಶೆಡ್ಡಿಗೆ ಬೀಗ ಜಡಿದಿದ್ದರು.

"ನೋಡು, ಪೆಟ್ರೋಲ್ ಗಾಡಿ," ಎಂದು ಅವಳು ಒಂದು ಹಣ್ಣು ತೆಗೆದಳು. ಕೆಳಗೆ ನೆಲ ಕೆಂಪಗೆ, ಶುಭ್ರವಾಗಿತ್ತು. "ಈಗ ಕರೆಂಟ್ ಗಾಡಿ."

ಅಲ್ಲಿಯೂ ಹಣ್ಣು ಇಡಿಯಾಗಿಯೇ ಇತ್ತು. ಆದರೆ ಅದನ್ನು ಎತ್ತಿದರೆ ಕೆಳಗೆ ನೆಲದ ಬಣ್ಣ ಹೋಗಿ ಬೆಳ್ಳನೆಯ ಕಲೆ. ನಾಲ್ಕು ಚಕ್ರದ ಹತ್ತಿರವೂ ಹಾಗೆಯೇ. ಟೈರಿನ ಗೀರಿನಲ್ಲಿ ಒಂದು ಬೀಜ ಸಿಕ್ಕಿಕೊಂಡು ಒಣಗಿತ್ತು.

"ರೆಡ್ ಆಕ್ಸೈಡ್ ನೆಲಕ್ಕೆ ನಿಂಬೆ ಹುಳಿ ಬಿದ್ರೆ ಹೀಗೇ ಆಗೋದು. ಕೆಂಪು ನೆಲದ ಮನೇಲಿ ಬೆಳೆದೋರಿಗೆ ಇದನ್ನ ಹೇಳಿಕೊಡ್ಬೇಕಾಗಿಲ್ಲ," ಎಂದಳು ಶ್ರೀಗೌರಿ. "ಇಲ್ಲಿ ಹಣ್ಣು ಜಜ್ಜಿದೆ. ಅಂದ್ರೆ ಗಾಡಿ ಹೋಗಿದೆ, ವಾಪಸ್ ಬಂದಿದೆ. ಜಜ್ಜಿದ್ದನ್ನ ತೆಗೆದು ಬೇರೆ ಹಣ್ಣು ಇಟ್ಟಿದಾರೆ. ಗುದ್ದಿದ್ದು ಪೆಟ್ರೋಲ್ ಗಾಡಿ ಅಲ್ಲ, ಇದು."

ಮಧು ಹಣ್ಣನ್ನು ತಿರುಗಿಸಿ ನೋಡಿದ. ಅವನೂ ಪೆದ್ದನಲ್ಲ.

"ಹೊಸ ಹಣ್ಣಿಗೂ ಕುಂಕುಮ ಹಚ್ಚಿ ಕ್ರಮವಾಗಿ ಇಟ್ಟಿದಾರೆ ಮೇಡಂ. ಕ್ರಮ ಗೊತ್ತಿರೋರೇ ಇಟ್ಟಿರೋದು. ಅದೂ ಕೃಷ್ಣಪ್ಪನೇ ಆಗ್ಬಹುದಲ್ಲ?"

"ಅವನಿಗೆ ಕರೆಂಟ್ ಗಾಡಿ ಓಡ್ಸೋಕೆ ಬರಲ್ಲ. ಆ ಗಾಡಿ ಬಂದಾಗಿನಿಂದ ಮುಟ್ಟೇ ಇಲ್ವಂತೆ."

"ಬರಲ್ಲ ಅಂತ ಅವನು ಹೇಳ್ತಾನೆ." ಮಧು ಎದ್ದು ಪ್ಯಾಂಟು ಕೊಡವಿಕೊಂಡ. "ಸಂಜೆ ಅವನನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು. ಅದರೊಳಗೆ ಈ ಗಾಡಿ ಓಡಿಸಿದ್ದು ಯಾರು ಅಂತ ಒಂದು ಹೆಸರು ಕೊಡಿ, ನಾನೇ ಅವನನ್ನ ಮನೆಗೆ ಬಿಟ್ಟು ಬರ್ತೀನಿ."

ಶ್ರೀಗೌರಿ ಒಂದು ಮಾತು ನುಂಗಿಕೊಂಡಳು. ಪೆಟ್ರೋಲ್ ಗಾಡಿಯ ಹಣ್ಣುಗಳ ಮೇಲೆ ಹೆಬ್ಬೆರಳು ಒತ್ತಿದ ದಪ್ಪ ಕುಂಕುಮ ಇತ್ತು. ಕರೆಂಟ್ ಗಾಡಿಯ ಹಣ್ಣುಗಳ ಮೇಲೂ ಅದೇ ಹೆಬ್ಬೆರಳು, ಅದೇ ಒತ್ತು. ಎಷ್ಟು ವಿಜಯದಶಮಿ ಆ ಹೆಬ್ಬೆರಳು ಅವಳ ಹಣೆಗೆ ಕುಂಕುಮ ಇಟ್ಟಿಲ್ಲ! ಹಣ್ಣು ಬದಲಾಯಿಸಿದ್ದು ಕೃಷ್ಣಪ್ಪನೇ.

*

ಠಾಣೆಯ ಬೆಂಚಿನ ಮೇಲೆ ಕೃಷ್ಣಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಕ್ಲಬ್ಬಿನ ಖಾಕಿ ಅಂಗಿ ಇನ್ನೂ ಮೈಮೇಲಿತ್ತು. ಅವಳನ್ನು ಕಂಡು ಎದ್ದು ನಿಂತ.

"ಬಂದ್ಯಾ ಗೌರಿ ಪುಟ್ಟ? ತಿಂಡಿ ಆಯ್ತಾ?"

ಕೈಗೆ ಕೋಳ ಬೀಳುವುದು ಇವನಿಗೆ, ತಿಂಡಿ ಆಯಿತಾ ಎಂದು ಕೇಳುವವನೂ ಇವನೇ. ಶ್ರೀಗೌರಿಗೆ ಅಳು ಬಂತು, ಸಿಟ್ಟೂ ಬಂತು.

"ಮಾಮ, ಕರೆಂಟ್ ಗಾಡಿ ಕೆಳಗೆ ನಿಂಬೆಹಣ್ಣು ಬದಲಾಯಿಸಿದ್ದು ಯಾಕೆ?"

ಕೃಷ್ಣಪ್ಪ ಅತ್ತಿತ್ತ ನೋಡಿದ. ಪೇದೆ ಬಾಗಿಲಲ್ಲಿ ಚಹಾ ಹೀರುತ್ತಿದ್ದ.

"ಆ ಸುದ್ದಿ ಬಿಡು ಪುಟ್ಟ."

"ಹೇಗೆ ಬಿಡ್ಲಿ? ಯಾರನ್ನ ಮುಚ್ಚಿಡ್ತಿದೀಯಾ?"

"ಯಾರನ್ನೂ ಇಲ್ಲ. ಪೂಜೆ ಮಾಡಿದ ಹಣ್ಣು ಒಡೆದಿತ್ತು, ಅಪಶಕುನ ಅಂತ ಬೇರೆ ಇಟ್ಟೆ."

"ಒಡೆದಿದ್ದು ಯಾರು?"

"ನಾನೇ ಅಂತ ಬರ್ಕೊಳ್ಳೋಕೆ ಹೇಳು ಆ ಸಾಹೇಬ್ರಿಗೆ. ನಾನೇ ಓಡಿಸಿದ್ದು."

"ನಿಂಗೆ ಅದು ಓಡ್ಸೋಕೆ ಬರಲ್ಲ ಮಾಮ!"

"ಓಡ್ಸೋಕೆ ಏನಿದೆ ಅದ್ರಲ್ಲಿ? ಕ್ಲಚ್ಚಿಲ್ಲ, ಗೇರಿಲ್ಲ, ಕಿವಿಗೊಂದು ಸದ್ದಿಲ್ಲ. ಕಾಲಿಟ್ರೆ ಹೋಗುತ್ತೆ. ಅದೂ ಒಂದು ಗಾಡಿನಾ?" ಅಷ್ಟು ಹೇಳುವಾಗ ಅವನ ದನಿಯಲ್ಲಿ ಹಳೆಯ ಕೃಷ್ಣಪ್ಪ ಬಂದುಹೋದ. ಮತ್ತೆ ತಲೆ ತಗ್ಗಿಸಿದ. "ನಾನು ಒಂಟಿ ಮನುಷ್ಯ. ಹೊರಗಿದ್ರೆಷ್ಟು, ಒಳಗಿದ್ರೆಷ್ಟು. ನೀನು ಶಿವಮೊಗ್ಗಕ್ಕೆ ಹೋಗು, ಅಮ್ಮೋರ ಹತ್ರ ಇರು. ಹಬ್ಬದ ಹೊತ್ತಲ್ಲಿ ಅವರೊಬ್ರನ್ನೇ ಬಿಟ್ಟು ಇಲ್ಲೇನು ಕೆಲಸ ನಿಂಗೆ?"

ಅಮ್ಮನ ಮಾತು ಯಾಕೆ ಬಂತು ಎಂದು ಅವಳಿಗೆ ಆಗ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

*

ಕರೆಂಟ್ ಗಾಡಿಯ ಶೋರೂಮು ಶಿವಮೊಗ್ಗದಲ್ಲಿ, ನವುಲೆ ದಾಟಿದ ಮೇಲೆ. ಟ್ರಯಲ್ ಗಾಡಿಯ ಜೊತೆ ಕ್ಲಬ್ಬಿಗೆ ಬಂದಿದ್ದ ಸುಶ್ಮಿತಾ ಎಂಬ ಹುಡುಗಿ ಅಲ್ಲಿ ಸೇಲ್ಸ್ ನೋಡಿಕೊಳ್ಳುತ್ತಿದ್ದಳು. ಶ್ರೀಗೌರಿ ಗುರುತಿನ ಕಾರ್ಡು ತೋರಿಸುವ ಮೊದಲೇ ಕುರ್ಚಿ ಎಳೆದು, ಬ್ರೋಷರ್ ಕೊಟ್ಟು, ಮಾತು ಶುರು ಮಾಡಿಬಿಟ್ಟಳು.

"ಕ್ಲಬ್ಬಿಗಾ ಮೇಡಂ? ಪೆಟ್ರೋಲ್ ಬೇಡ ಅಂತೀನಿ. ದೂರ ಹೋಗ್ಬೇಕು, ದಿನವಿಡೀ ಓಡ್ಬೇಕು ಅಂದ್ರೆ ಪೆಟ್ರೋಲ್ ಸರಿ, ಸುಳ್ಳು ಹೇಳಲ್ಲ. ಆದ್ರೆ ಅಷ್ಟು ಸಣ್ಣ ಗ್ರೌಂಡಿಗೆ ಇದೇ ಚೆಂದ. ಹಿರಿಯರು, ಹೆಂಗಸರು, ಯಾರು ಬೇಕಾದ್ರೂ ಓಡಿಸ್ಬಹುದು."

"ಹಿಂದಿನಿಂದ ಬಂದ್ರೆ ಮುಂದೆ ಹೋಗೋರಿಗೆ ಕೇಳ್ಸುತ್ತಾ?"

"ಕೇಳ್ಸಲ್ಲ ಮೇಡಂ. ಅದೇ ಪ್ಲಸ್ ಪಾಯಿಂಟು." ಹುಡುಗಿಗೆ ತಾನೇನು ಹೇಳಿದೆ ಎಂದು ಆಮೇಲೆ ಅರಿವಾಯಿತು. ಮುಖ ಸಣ್ಣಗಾಯಿತು. "ನೀವು ಆ ಕೇಸಿಗೆ ಬಂದಿದೀರಾ?"

"ಹೌದು. ಆ ಗಾಡಿ ಕೀ ಯಾರ ಹತ್ರ ಇತ್ತು?"

"ನನ್ನ ಹತ್ರಾನೇ. ಆದ್ರೆ..." ಸುಶ್ಮಿತಾ ಬೆರಳು ಹಿಸುಕಿಕೊಂಡಳು. "ಪೂಜೆಗೆ ಮುಂಚೆ, ಮಧ್ಯಾಹ್ನ, ಜ್ಞಾನೇಶ್ ಸರ್ ಹೇಳಿದ್ರು, ಪೂಜೆಗೆ ಬಂದಿರೋ ಹಳೇ ನೌಕರರ ಮನೆ ಹೆಂಗಸರಿಗೆಲ್ಲಾ ಒಂದೊಂದು ರೌಂಡ್ ಕೊಡಿ ಅಂತ. ಎಲ್ಲರೂ ಹೆದರ್ಕೊಂಡ್ರು. ಒಬ್ರು ಆಂಟಿ ಮಾತ್ರ ತಾವೇ ಓಡಿಸಿದ್ರು, ಎಷ್ಟು ಚೆಂದ ಅಂತೀರಾ! ಇಳಿಯೋಕೇ ಮನಸ್ಸಿಲ್ಲ ಅವರಿಗೆ. ಕೀ ಕೇಳಿದ್ರೆ, ಇರ್ಲಿ ಕಣಮ್ಮಾ ಆಮೇಲೆ ಕೊಡ್ತೀನಿ ಅಂದ್ರು. ನಾನು ಕೊನೇ ಬಸ್ಸಿನ ಗಡಿಬಿಡೀಲಿ ಮರೆತೇಬಿಟ್ಟೆ. ಇದನ್ನ ಪೊಲೀಸಿಗೆ ಹೇಳಿಲ್ಲ ಮೇಡಂ. ನನ್ನ ಕೆಲಸ ಹೋಗುತ್ತೆ."

"ಯಾವ ಆಂಟಿ?"

"ಹೆಸರು ಗೊತ್ತಿಲ್ಲ. ಫೋಟೋ ಇದೆ. ನಮ್ಮ ಪೇಜಿಗೆ ಹಾಕೋಣ ಅಂತ ತೆಗೆದಿದ್ದೆ."

ಹುಡುಗಿ ಮೊಬೈಲ್ ಮುಂದೆ ಹಿಡಿದಳು.

ಬೆಳ್ಳನೆಯ ಗಾಡಿ, ಹಿಂದೆ ಹಸಿರು ಹುಲ್ಲು. ಸ್ಟೇರಿಂಗ್ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಯಿ ತುಂಬ ನಗುತ್ತಾ ಕೂತಿದ್ದಳು ವಸಂತಮ್ಮ, ಶ್ರೀಗೌರಿಯ ಅಮ್ಮ.

ಅಪ್ಪ ಹೋದ ಮೇಲೆ ಅಮ್ಮ ಹಾಗೆ ನಕ್ಕಿದ್ದನ್ನು ಶ್ರೀಗೌರಿ ನೋಡಿರಲಿಲ್ಲ. ಅಮ್ಮನ ಮುಖಕ್ಕೆ ಇಂಥ ನಗು ಬರುತ್ತದೆ ಎನ್ನುವುದೇ ಮರೆತುಹೋಗಿತ್ತು. ಎದೆ ತುಂಬಿ ಬಂತು. ಮರುಕ್ಷಣವೇ ಕೀಯ ಮಾತು ನೆನಪಾಯಿತು.

"ಗೊತ್ತಾ ಮೇಡಂ ಇವರು?" ಎಂದಳು ಸುಶ್ಮಿತಾ.

"ಗೊತ್ತು," ಎಂದಳು ಶ್ರೀಗೌರಿ.

*

ನವುಲೆಯಿಂದ ಹೊಸಮನೆ ಬಡಾವಣೆಯ ಮನೆಗೆ ಏನು ಮಹಾ ದೂರ! ಆದರೂ ಅವತ್ತು ಆ ದಾರಿ ಮುಗಿಯಲೇ ಇಲ್ಲ. ಎದುರಿಗೆ ಬಂದ ಆಟೋದವನು ಬೈದು ಹೋದದ್ದೂ ಅವಳಿಗೆ ಕೇಳಿಸಲಿಲ್ಲ.

ಅಮ್ಮ ಹಜಾರದಲ್ಲಿ ಕೂತಿದ್ದಳು. ಮುಂದೆ ಸ್ಟೀಲಿನ ತಟ್ಟೆಯಲ್ಲಿ ನಿನ್ನೆಯ ಬನ್ನಿ ಸೊಪ್ಪು, ಬಾಡಿ ಮುದುಡಿತ್ತು. ಪ್ರತಿ ವಿಜಯದಶಮಿಗೆ ಕೃಷ್ಣಪ್ಪ ಭದ್ರಾವತಿಯಿಂದ ಬಸ್ಸು ಹತ್ತಿ ಬಂದು ಅಮ್ಮನಿಗೆ ಬನ್ನಿ ಕೊಟ್ಟು, ಕಾಲಿಗೆ ಬಿದ್ದು, ಊಟ ಮಾಡಿ ಹೋಗುತ್ತಿದ್ದ. ಈ ಸಲ ಬರಲಿಲ್ಲ. ಅವನಿಗೆ ಮರಳಿ ಕೊಡಲೆಂದು ತಂದಿಟ್ಟ ತಟ್ಟೆಯನ್ನು ಅಮ್ಮ ಎತ್ತಿಟ್ಟಿರಲಿಲ್ಲ.

"ಕೃಷ್ಣಪ್ಪನ್ನ ನೋಡ್ಕೊಂಡು ಬಂದ್ಯಾ? ಊಟ ಕೊಡ್ತಾರಂತಾ ಅಲ್ಲಿ?"

ಶ್ರೀಗೌರಿ ಚಪ್ಪಲಿ ಬಿಡದೆ ಒಳಗೆ ಬಂದು ಎದುರಿಗೆ ಕೂತಳು. ಹಿಂದೆ ಎಂಥೆಂಥ ಕಳ್ಳರನ್ನು, ಖದೀಮರನ್ನು ಎದುರಿಗೆ ಕೂರಿಸಿ ಬಾಯಿ ಬಿಡಿಸಿದ್ದಳು. ಈಗಲೂ ಸುತ್ತುಬಳಸದೆ ಕೇಳಿದಳು.

"ಅಮ್ಮ, ಕರೆಂಟ್ ಗಾಡಿ ಕೀ ಎಲ್ಲಿ?"

ವಸಂತಮ್ಮ ಮಗಳ ಮುಖ ನೋಡಿದಳು. ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ಬನ್ನಿ ಸೊಪ್ಪಿನ ಮೇಲೆ ಕೀ ಇಟ್ಟಳು.

"ಯಾಕಮ್ಮಾ? ಪೂಜೆ ಆದ ಗಾಡಿನ ಮುಟ್ಟಬಾರದು ಅಂತ ನೀನೇ ಅಲ್ವಾ ಹೇಳ್ತಿದ್ದಿದ್ದು?"

"ನಿಮ್ಮಪ್ಪನ ಜೊತೆ ಹೋಗೋ ಜಾಗಕ್ಕೆ ಹೋಗಿದ್ದೆ ಕಣೇ."

"ಎಲ್ಲಿಗೆ?"

"ಹೊಳೆ ಕಡೆ, ಏಳನೇ ಗುಂಡಿ ಹತ್ರ. ನೀನು ಚಿಕ್ಕೋಳು, ನಿಂಗೆ ನೆನಪಿರಲ್ಲ. ಆ ಊರಲ್ಲಿ ಹಗಲೂ ರಾತ್ರಿ ಮಿಲ್ಲಿನ ಸದ್ದು. ಮಲಗಿದ್ರೂ ಸದ್ದು, ಎದ್ರೂ ಸದ್ದು. ಮನೆ ಹತ್ರಾನೇ ಹೊಳೆ ಹರಿತಿದ್ರೂ ಅದರ ದನಿ ಹೇಗಿದೆ ಅಂತ ಗೊತ್ತಿರ್ಲಿಲ್ಲ. ಆಯುಧ ಪೂಜೆ ಸಂಜೆ ಒಂದು ದಿನ ಮಿಲ್ಲು ನಿಲ್ತಿತ್ತು. ಆವಾಗ ನಿಮ್ಮಪ್ಪ, ಬಾರೇ ವಸಂತಾ, ಇವತ್ತು ಭದ್ರೆ ಮಾತಾಡ್ತಾಳೆ ಅಂತ ಕರ್ಕೊಂಡು ಹೋಗೋರು. ಇಬ್ರೂ ಕಲ್ಲಿನ ಮೇಲೆ ಕೂತು ಕೇಳ್ತಿದ್ವಿ. ಮದುವೆ ಆದ ವರ್ಷದಿಂದ."

ಹಬ್ಬದ ಸಂಜೆ ಅವಳನ್ನು ಪಕ್ಕದ ಮನೆಯ ತಮಿಳು ಮಾಮಿಯ ಹತ್ತಿರ ಬಿಟ್ಟು ಅಪ್ಪ ಅಮ್ಮ ಎಲ್ಲೋ ಹೋಗುತ್ತಿದ್ದದ್ದು ಅವಳಿಗೆ ನೆನಪಿತ್ತು. ಮಾಮಿಯ ಮನೆಯ ಕಡಲೆ ಸುಂಡಲ್ ತಿನ್ನುವ ಖುಷಿಯಲ್ಲಿ ಎಲ್ಲಿಗೆ ಎಂದು ಒಂದು ಸಲವೂ ಕೇಳಿರಲಿಲ್ಲ.

"ಈಗ ಮಂಡಿ ನೋವು, ನಡೆಯೋಕೆ ಆಗಲ್ಲ. ಕೃಷ್ಣಪ್ಪನ ಗಾಡೀಲಿ ಹೋದ್ರೆ ಅದರ ಗದ್ದಲದಲ್ಲಿ ಹೊಳೆ ಎಲ್ಲಿ ಕೇಳ್ಸುತ್ತೆ? ಪೂಜೆ ಆದ್ಮೇಲೆ ಅವನು ಕೀನೂ ಮುಟ್ಟಲ್ಲ. ಈ ಗಾಡಿ ಓಡಿಸ್ದಾಗ ನಂಗೆ ಕುಣಿಯೋಷ್ಟು ಸಂತೋಷ ಆಯ್ತು ಗೌರಿ. ನಾನೊಬ್ಳೇ ಹೋಗ್ಬಹುದಲ್ಲ! ಯಾರನ್ನೂ ಬೇಡ್ಕೊಳ್ಳೋ ಹಂಗಿಲ್ಲ! ಎಲ್ಲರೂ ಊಟಕ್ಕೆ ಕೂತ್ರು. ನಾನು ಹೊರಟೆ."

"ಆಮೇಲೆ?"

"ಸಂಜೆ ಬೆಳಕು ಇನ್ನೂ ಇತ್ತು. ಮೆಲ್ಲಗೇ ಹೋದೆ. ಏರು ಹತ್ತಿ ತಿರುಗಿದ್ರೆ ದಾರೀಲಿ ಯಾರೋ ಮಲಗಿದ ಹಾಗೆ ಕಾಣ್ಸ್ತು. ಬ್ರೇಕ್ ಹಿಡಿದೆ. ಇಳಿದು ನೋಡಿದ್ರೆ ಜ್ಞಾನೇಶ್. ತಲೆ ಪೂರಾ ರಕ್ತ. ಎತ್ತಿ ತೊಡೆ ಮೇಲೆ ಇಟ್ಕೊಂಡೆ."

"ಅಮ್ಮ, ನಿನ್ನ ಕಣ್ಣಿಗೆ ಪೊರೆ ಇದೆ. ಗಾಡಿ ತಗುಲಿದ್ದು ನಿಂಗೆ ಗೊತ್ತಾಗದೇ ಇದ್ದಿದ್ರೆ?"

"ನಾನು ಬ್ರೇಕ್ ಹಿಡಿದೆ ಕಣೇ! ಅವನು ಆಗ್ಲೇ ಬಿದ್ದಿದ್ದ!" ವಸಂತಮ್ಮನ ದನಿ ಒಡೆಯಿತು. "ಗಾಡಿ ಓಡೋ ಗಾಳಿಗೆ ಹಾರದಿಂದ ಎಸಳು ಉದುರಿರ್ಬೇಕು, ಅಷ್ಟೆ."

"ಹಾಗಾದ್ರೆ ಯಾಕೆ ಬಾಯಿ ಮುಚ್ಕೊಂಡು ಕೂತೆ? ಅಲ್ಲಿ ಕೃಷ್ಣಪ್ಪ ಮಾಮ ಜೈಲಿಗೆ ಹೋಗ್ತಿದಾನೆ. ನೀನಿಲ್ಲಿ ಬನ್ನಿ ಸೊಪ್ಪು ನೋಡ್ತಾ ಕೂತಿದೀಯಾ! ಅಮ್ಮಾ, ನಿಂಗೆ ಮನಸ್ಸಾದ್ರೂ ಹೇಗೆ ಬಂತು?"

ಹಾಗೆ ಅಮ್ಮನ ಮೇಲೆ ಕೂಗಾಡಿದ್ದು ಅವಳ ಜೀವನದಲ್ಲಿ ಅದೇ ಮೊದಲು. ವಸಂತಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಮೆಲ್ಲಗೆ ಅಂದಳು:

"ಬಾಯಿ ಬಿಟ್ರೆ ಅವನು ಪೂರಾ ಸಿಕ್ಕಿಬೀಳ್ತಾನೆ ಅಂತ."

"ಯಾರು?"

"ಕೃಷ್ಣಪ್ಪ. ನಾನು ತಲೆ ಎತ್ತಿ ನೋಡೋ ಹೊತ್ತಿಗೆ ಹೊಳೆ ಕಡೆಯಿಂದ ಬಂದ. ಏದುಸಿರು ಬಿಡ್ತಿದ್ದ. ಬೆಳಿಗ್ಗೆ ತಾನೇ ಜ್ಞಾನೇಶ್‌ಗೆ ಹಂಗೆಲ್ಲಾ ಅಂದಿದ್ನಲ್ಲ. ಸಿಟ್ಟಲ್ಲಿ ಏನೋ ಮಾಡಿಬಿಟ್ಟ ಅಂದ್ಕೊಂಡೆ. ನಾನು ಹೇಗೆ ಕೇಳ್ಲಿ? ಒಂದು ಮಾತೂ ಆಡದೆ ನನ್ನನ್ನ ಎತ್ತಿ ಗಾಡೀಲಿ ಕೂರಿಸಿ, ತಾನೇ ಓಡಿಸ್ಕೊಂಡು ಬಂದು, ಹಾಲ್ ಹಿಂದೆ ಇಳಿಸಿದ. ಗಾಡಿ ಶೆಡ್ಡಲ್ಲಿ ನಿಲ್ಲಿಸಿ ಬಂದು ಕೀ ನನ್ನ ಕೈಗಿಟ್ಟು, ಆಮೇಲೆ ಕೂಗ್ಕೊಂಡು ಹೋದ. ಅವನೂ ಏನೂ ಕೇಳ್ಲಿಲ್ಲ, ನಾನೂ ಏನೂ ಕೇಳ್ಲಿಲ್ಲ."

ಶ್ರೀಗೌರಿ ಕಣ್ಣು ಮುಚ್ಚಿಕೊಂಡಳು. ಎಂಥ ಜನ ಇವರು! ಶೆಡ್ಡಿನಲ್ಲಿ ಗಾಡಿ ಕಾಣದೆ ಹೊಳೆಯವರೆಗೂ ಹುಡುಕಿಕೊಂಡು ಓಡಿರಬೇಕು ಕೃಷ್ಣಪ್ಪ; ಬಂದಾಗ ಕಂಡದ್ದೇನು? ನಿಂತ ಗಾಡಿ, ಅದರ ಮುಂದೆ ರಕ್ತದಲ್ಲಿ ಬಿದ್ದ ಜ್ಞಾನೇಶ್, ಅವನ ತಲೆ ಹಿಡಿದುಕೊಂಡು ಕೂತ ಅಮ್ಮೋರು. ಅಮ್ಮೋರು ಗುದ್ದಿಬಿಟ್ಟರು ಎಂದುಕೊಂಡ. ಗಾಡಿ ತಂದು ನಿಲ್ಲಿಸಿದ, ಹಣ್ಣು ಬದಲಾಯಿಸಿದ, ಅಪವಾದ ತಲೆಯ ಮೇಲೆ ಹೊತ್ತು ಬೆಂಚಿನ ಮೇಲೆ ಕೂತ. ಇಲ್ಲಿ ಅಮ್ಮ ಅವನನ್ನು ಉಳಿಸುತ್ತೇನೆಂದು ತುಟಿ ಹೊಲಿದುಕೊಂಡು ಕೂತಳು. ಅಪ್ಪನ ಕಾಲದಿಂದ ಒಬ್ಬರ ಮುಂದೊಬ್ಬರು ದನಿ ಎತ್ತಿದವರಲ್ಲ. ಸಂಕೋಚದಲ್ಲಿಯೇ ಇಡೀ ಆಯುಷ್ಯ ಕಳೆದವರು. ನೀವು ಮಾಡಿದಿರಾ ಅಂತ ಒಂದು ಮಾತು ಕೇಳಿದ್ದರೆ ಅಲ್ಲಿಯೇ ಮುಗಿಯುತ್ತಿತ್ತು.

"ಅಮ್ಮಾ, ಅವನು ಮಾಡಿಲ್ಲ. ನೀನು ಮಾಡಿದೀಯಾ ಅಂದ್ಕೊಂಡಿದಾನೆ."

ವಸಂತಮ್ಮ ಮಗಳನ್ನೇ ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ತಡ, "ಅಯ್ಯೋ ನನ್ನಪ್ಪಾ!" ಎಂದು ಹಣೆ ಹಣೆ ಚಚ್ಚಿಕೊಂಡಳು. "ನನಗೋಸ್ಕರ ಕೂತಿದಾನಾ ಅಲ್ಲಿ? ಏಳೇ, ಕಾರು ತೆಗಿ. ನಾನೇ ಹೋಗಿ ಹೇಳ್ತೀನಿ. ಈಗ್ಲೇ ಹೇಳ್ತೀನಿ!"

"ತಾಳು. ಇವನಲ್ಲ, ನೀನಲ್ಲ ಅಂದ್ರೆ ಅಲ್ಲಿ ಇನ್ಯಾರೋ ಇದ್ರು. ನೆನಪು ಮಾಡ್ಕೋ. ಯಾರಾದ್ರೂ ಕಂಡ್ರಾ? ಏನಾದ್ರೂ ಕೇಳ್ಸ್ತಾ?"

"ಯಾರೂ ಕಾಣ್ಲಿಲ್ಲ ಕಣೇ. ಜ್ಞಾನೇಶ್ ಒಂದೇ ಸಲ ಕಣ್ಣು ಬಿಟ್ಟು ನನ್ನ ಮುಖ ನೋಡಿದ. ಏನೋ ಹೇಳೋಕೆ ಹೋದ, ಆಗ್ಲಿಲ್ಲ."

ಶ್ರೀಗೌರಿಯ ಮೊಬೈಲ್ ರಿಂಗಾಯಿತು. ಮಧು. ಅವಳು ಎದ್ದು ಬಾಗಿಲಿನ ಹತ್ತಿರ ಹೋದಳು. ಕೇಳುವ ಮೊದಲೇ ಹೇಳಿಬಿಡಬೇಕೆಂದು ಬಾಯಿ ತೆರೆದಳು: ಇಬ್ಬರೂ ಮಾಡಿಲ್ಲ, ಮೂರನೆಯವರು ಯಾರೋ ಇದ್ದಾರೆ, ಒಂದು ದಿನ ಸಮಯ ಕೊಡು.

"ಮೇಡಂ, ನಾನು ಆಸ್ಪತ್ರೇಲಿದೀನಿ," ಎಂದ ಮಧು. ಅವನ ದನಿಯಲ್ಲಿ ಎಂದಿನ ಸಲಿಗೆ ಇರಲಿಲ್ಲ. "ಜ್ಞಾನೇಶ್ ಸರ್‌ಗೆ ಪ್ರಜ್ಞೆ ಬಂತು. ಡಾಕ್ಟರ್ ಎದುರಿಗೇ ಹೇಳಿಕೆ ತಗೊಂಡೆ. ಕೃಷ್ಣಪ್ಪ ಅಲ್ಲ ಅಂದ್ರು. ಅವನನ್ನ ಬಿಡೋಕೆ ಠಾಣೆಗೆ ಹೇಳಿದೀನಿ."

"ಮತ್ತೆ ಯಾರಂತೆ?"

ಆ ಕಡೆಯಿಂದ ಜೀಪಿನ ಬಾಗಿಲು ಹಾಕಿದ ಸದ್ದು ಬಂತು.

"ಮಧು, ಹೇಳು ಮಾರಾಯ."

"ಹಿಂದೆ ಏನೋ ಬಡಿದು ಬಿದ್ದೆ, ಕಣ್ಣು ಬಿಟ್ಟಾಗ ಗಾಡಿ ನನ್ನ ಮೇಲೇ ನಿಂತಿತ್ತು, ಪಕ್ಕದಲ್ಲಿ ಅವರೊಬ್ರೇ ಇದ್ರು ಅಂದ್ರು. ಎರಡು ಸಲ ಕೇಳಿದೆ ಮೇಡಂ. ಎರಡು ಸಲಾನೂ ನಿಮ್ಮ ತಾಯಿ ಹೆಸರೇ ಹೇಳಿದ್ರು. ನಾನು ಹೊಸಮನೆಗೆ ಹೊರಟಿದೀನಿ. ದಯವಿಟ್ಟು ಅವರನ್ನ ಎಲ್ಲಿಗೂ ಕಳಿಸ್ಬೇಡಿ."

ಫೋನು ಕಟ್ಟಾಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಶ್ರೀಗೌರಿ ತಿರುಗಿದಳು.

ಅಮ್ಮ ಆಗಲೇ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು, ಗೋಡೆ ಹಿಡಿದು, ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಳ್ಳುತ್ತಿದ್ದಳು. ಮಗಳ ಮುಖ ನೋಡಿ ನಿಂತಳು.

"ಯಾರದು? ಮಧುನಾ? ಕೃಷ್ಣಪ್ಪನ್ನ ಬಿಟ್ರಂತಾ ಗೌರಿ?"

"ಹೂಂ ಅಮ್ಮ," ಎಂದಳು ಶ್ರೀಗೌರಿ. "ಬಿಟ್ರಂತೆ."

"ನಮ್ಮಪ್ಪಾ ದೇವ್ರೇ," ಎಂದು ವಸಂತಮ್ಮ ಅಲ್ಲಿಯೇ ಗೋಡೆಗೊರಗಿ ಕೂತು, ಎರಡೂ ಕೈ ಜೋಡಿಸಿ, ಮಗುವಿನ ಹಾಗೆ ಅತ್ತಳು.